ಬೈಲಪ್ಪನವರ ಕೋಳಿಗೆ ಒಂದೇ ಎಸಳು ಬೆಳ್ಳುಳ್ಳಿ

ಅಡುಗೆ ಪುಸ್ತಕಗಳಲ್ಲಿ ‘ಉಪ್ಪು: ರುಚಿಗೆ ತಕ್ಕಷ್ಟು’ ಎಂದು ಬರೆಯುವವರನ್ನೆಲ್ಲ ಹಿಡಿದು ತಂದು, ಪೀಣ್ಯದಲ್ಲಿ ನಾನು ಕೆಲಸಕ್ಕಿದ್ದ ಕಾರ್ಖಾನೆಯ ತಪಾಸಣೆ ಕೋಣೆಯಲ್ಲಿ ಒಂದು ವಾರ ಕೂರಿಸಬೇಕೆಂಬುದು ನನ್ನ ಬಹುದಿನದ ಆಸೆ. ಯಾರ ರುಚಿಗೆ, ಸ್ವಾಮಿ? ಬರೆದವರ ರುಚಿಗೋ, ಬೇಯಿಸುವವರ ರುಚಿಗೋ, ತಿಂದು ಬೈಯುವವರ ರುಚಿಗೋ? ನಮ್ಮಲ್ಲಿ ಯಾರಾದರೂ ‘ರಂಧ್ರದ ಅಳತೆ: ಬೋಲ್ಟು ಹಿಡಿಸುವಷ್ಟು’ ಎಂದು ಡ್ರಾಯಿಂಗ್ ಬರೆದು ಕೊಟ್ಟಿದ್ದರೆ ಅವರನ್ನು ಗೇಟಿನಾಚೆ ಬಿಟ್ಟು ಬರುತ್ತಿದ್ದರು. ಅಡುಗೆಯವರಿಗೆ ಮಾತ್ರ ಈ ದೇಶದಲ್ಲಿ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ.

ಈ ಸಿಟ್ಟು ಮತ್ತೆ ಕೆದಕಿದ್ದು ಮೊನ್ನೆ ನೋಡಿದ ಒಂದು ಮೆನು ಕಾರ್ಡು. ನಾಗಸಂದ್ರದ ಮೆಟ್ರೋ ನಿಲ್ದಾಣದ ಹತ್ತಿರ ಗಾಜಿನ ಗೋಡೆಯ ಹೊಸ ಹೋಟೆಲು. ಮಗಳು ಕರೆದುಕೊಂಡು ಹೋಗಿದ್ದಳು. ಕಾರ್ಡು ತೆರೆದರೆ ಮೊದಲಿಗೇ ‘ಗ್ರಿಲ್ಡ್ ಚಿಕನ್ ಸಲಾಡ್’. ನನಗೆ ನಗು ಬಂತು. ಬಂದದ್ದು ನೀರು ಕುಡಿದರೂ ನಿಲ್ಲಲಿಲ್ಲ.

“ನೀನ್ಯಾಕಮ್ಮ ನಗ್ತಿದ್ದೀಯ? ಕೋಳಿ ವಿಷ್ಯ ನಿಂಗೇನ್ ಗೊತ್ತು?” ಎಂದಳು ಮಗಳು.

ಅವಳು ಕೇಳಿದ್ದು ಸರಿಯೇ. ರಾಣೆಬೆನ್ನೂರಿನ ಕಡೆಯ ಲಿಂಗವಂತರ ಮನೆಯವಳು ನಾನು. ನಮ್ಮಲ್ಲಿ ಕೇಕು ಕೊಂಡರೂ ಅಂಗಡಿಯವನಿಂದ ಮೊಟ್ಟೆಯಿಲ್ಲವೆಂದು ಆಣೆ ಹಾಕಿಸಿಕೊಂಡು ಕೊಳ್ಳುತ್ತಿದ್ದರು. ಆದರೆ ಈ ಹೋಟೆಲಿಗೆ ಪಾಯ ತೋಡುವುದಕ್ಕೆ ಎಷ್ಟೋ ವರ್ಷ ಮುಂಚೆ, ಇಲ್ಲಿಂದ ನಾಲ್ಕು ಹೆಜ್ಜೆ ಆಚೆ, ಇದೇ ಸಲಾಡನ್ನು ನಾನೇ ಪಕ್ಕದಲ್ಲಿ ನಿಂತು ಮಾಡಿಸಿದ್ದೇನೆ ಎಂದರೆ ಮಗಳು ನಂಬಲಿಲ್ಲ. ನೀವಾದರೂ ನಂಬಿ.

ಮೊದಲು ನನ್ನ ಅಜ್ಜಿಯ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಈ ಅಳತೆಯ ಹುಚ್ಚು ಎಲ್ಲಿಂದ ಬಂತೆಂದು ನಿಮಗೆ ತಿಳಿಯುವುದಿಲ್ಲ. ಅಜ್ಜಿಯಿಂದ ನಾನು ಮಾತು ಕಲಿತೆ, ಅಡುಗೆ ಕಲಿಯಲಿಲ್ಲ. ತಪ್ಪು ನನ್ನದಲ್ಲ.

“ಅಜ್ಜಿ, ಸಾರಿಗೆ ಉಪ್ಪು ಎಷ್ಟ ಹಾಕ್ಲಿ?”

“ಎಷ್ಟ ಬೇಕೋ ಅಷ್ಟ ಹಾಕು.”

“ಎಷ್ಟ ಬೇಕು?”

“ಹಾಕಿದ ಮ್ಯಾಲೆ ಗೊತ್ತಾಕ್ಕೈತಿ.”

“ಜಾಸ್ತಿ ಆದ್ರ?”

“ಜಾಸ್ತಿ ಆಗೂವಷ್ಟು ಯಾಕ ಹಾಕ್ತಿ, ಖೋಡಿ?”

ಅಜ್ಜಿಯ ಅಳತೆಗಳೆಂದರೆ ಚಿಟಿಕೆ, ಹಿಡಿ, ಬೊಗಸೆ. ಅದರಲ್ಲೂ ಆ ಚಿಟಿಕೆ, ಹಿಡಿ, ಬೊಗಸೆ ಅವಳ ಕೈಯದೇ ಆಗಿರಬೇಕು. ಬೇಳೆ ಬೆಂದಿದೆಯೇ ಎಂಬುದನ್ನು ಪಡಸಾಲೆಯಲ್ಲಿ ಕೂತು ಕುದಿಯುವ ಸದ್ದಿನ ಮೇಲೆ ಹೇಳುತ್ತಿದ್ದಳು. ನನ್ನ ಕಿವಿಗೆ ಅದು ಯಾವಾಗಲೂ ಕುದಿಯುವ ಸದ್ದೇ. ಹೀಗೆ ಅಂದಾಜಿನ ಲೋಕದಲ್ಲಿ ಕಣ್ಣು ಕಟ್ಟಿ ಬಿಟ್ಟಂತಿದ್ದ ನನಗೆ, ಎಂಜಿನಿಯರಿಂಗ್ ಮುಗಿಸಿ ಪೀಣ್ಯದ ಕಾರ್ಖಾನೆಯ ತಪಾಸಣೆ ವಿಭಾಗಕ್ಕೆ ಸೇರಿದ ದಿನ ತವರು ಸಿಕ್ಕಿದಂತಾಯಿತು. ಅಲ್ಲಿ ಯಾವುದಕ್ಕೂ ‘ತಕ್ಕಷ್ಟು’ ಇರಲಿಲ್ಲ. ರಂಧ್ರ ಅಳೆಯುವ ಒಂದು ಗೇಜು ಒಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಹೋಗಬಾರದ್ದು ಹೋಯಿತೋ, ಮಾಲು ಕಸಕ್ಕೆ. ಎಷ್ಟು ನೆಮ್ಮದಿಯ ಬಾಳು!

ಸಾಲದ್ದಕ್ಕೆ ಅದು ತೊಂಬತ್ತರ ದಶಕ. ಪೀಣ್ಯದ ಕಾರ್ಖಾನೆಗಳಿಗೆಲ್ಲ ಗುಣಮಟ್ಟದ ಸರ್ಟಿಫಿಕೇಟಿನ ಜ್ವರ ಬಂದಿತ್ತು. ಮಾಡುವುದನ್ನು ಬರೆಯಿರಿ, ಬರೆದದ್ದನ್ನು ಮಾಡಿರಿ ಎಂಬುದೇ ಮಂತ್ರ. ಲೇತ್ ಮಷೀನಿನ ಮೇಲೊಂದು ಸೂಚನಾ ಹಾಳೆ, ಕೈ ತೊಳೆಯುವ ನಲ್ಲಿಯ ಮೇಲೊಂದು, ಶೌಚಾಲಯದ ಬಾಗಿಲಿನ ಒಳಮಗ್ಗುಲಲ್ಲೂ ಒಂದು. ಅದನ್ನು ಓದಿ ಮುಗಿಸುವಷ್ಟರಲ್ಲಿ ಒಳಗೆ ಹೋದವರು ಬಂದ ಕೆಲಸ ಮರೆಯುತ್ತಿದ್ದರು. ಹಾಳೆಯಲ್ಲಿ ಇರುವುದಕ್ಕಿಂತ ಕೂದಲೆಳೆಯಷ್ಟು ಬೇರೆ ಮಾಡಬೇಕಾದರೂ ದೊಡ್ಡವರ ಒಪ್ಪಿಗೆ ಬೇಕು. ಆ ಹಾಳೆಗಳನ್ನು ಬರೆಯುವ ಪೂಜಾರಿಕೆ ನನ್ನದು. ಬರೆದ ಮಾತಿಗೆ ನಾನು ಕೊಡುತ್ತಿದ್ದ ಮರ್ಯಾದೆಯನ್ನು ಕಟ್ಟಿಕೊಂಡ ಗಂಡನಿಗೂ ಕೊಟ್ಟಿದ್ದಿಲ್ಲ. ಹಾಗೆಂದು ಅವರೇ ಹೇಳುತ್ತಿದ್ದರು, ಅದೂ ಸಿಕ್ಕಾಗ. ಅವರು ಬೇರೆ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟು. ನಾನು ಮನೆಗೆ ಬರುವ ಹೊತ್ತಿಗೆ ಅವರು ಇರುತ್ತಿರಲಿಲ್ಲ, ಇರುವ ಹೊತ್ತಿನಲ್ಲಿ ನಿದ್ದೆಯಲ್ಲಿರುತ್ತಿದ್ದರು. ನಮ್ಮ ಸಂಸಾರ ಸುಖವಾಗಿತ್ತು.

ಮನೆ ನಾಗಸಂದ್ರದಲ್ಲಿ. ಕೆಳಗೆ ಓನರು ಬೈಲಪ್ಪನವರು, ಅವರ ಹೆಂಡತಿ ಹೊನ್ನಮ್ಮ, ಮೇಲೆ ನಾವು. ಬೈಲಪ್ಪನವರದು ತಲೆತಲಾಂತರದಿಂದ ಅದೇ ಊರು. ರಾಗಿ ಬೆಳೆಯುತ್ತಿದ್ದ ಹೊಲವನ್ನು ಮಟ್ಟ ಮಾಡಿ ತುಮಕೂರು ರಸ್ತೆಯ ಲಾರಿಗಳು ತಂಗುವ ಸ್ಟ್ಯಾಂಡ್ ಮಾಡಿಕೊಂಡಿದ್ದರು. ಹೊಲಕ್ಕೆ ಹೋಗುವವರ ಹಾಗೆಯೇ ಬೆಳಗ್ಗೆ ಎದ್ದು, ಹೆಗಲಿಗೆ ಟವೆಲ್ ಹಾಕಿಕೊಂಡು, ಲಾರಿಗಳ ನಡುವೆ ಒಂದು ಸುತ್ತು ಹಾಕಿ ಬರುತ್ತಿದ್ದರು. ಲಾರಿಗೆ ಕಳೆ ಕೀಳುವ ಕೆಲಸ ಇರಲಿಲ್ಲ, ಅಷ್ಟೇ.

ಬಾಡಿಗೆಗೆ ಮನೆ ಕೇಳಲು ಹೋದ ದಿನ ಅವರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ನೀವು ಲಿಂಗದೋರಾ?” ಎಂದರು. ಹೌದೆಂದೆವು. ಅವರ ಮುಖ ಸಣ್ಣದಾಯಿತು. “ಅಲ್ಲಾ, ನಮ್ಮನೇಲಿ ಬಾನುವಾರ ಬಾನುವಾರ ಬಾಡು ಬೇಯ್ತದೆ. ವಾಸ್ನೆ ಮ್ಯಾಲಕ್ಕೇ ಓಯ್ತದೆ, ಕೆಳಕ್ಕೆ ಓಗು ಅಂದ್ರೆ ಅದು ಕೇಳಾಕಿಲ್ಲ. ಆಮ್ಯಾಕೆ ನೀವು ಮೂಗು ಮುರೀಬಾರ್ದು.” ಬೆಂಗಳೂರಿನಲ್ಲಿ ಮಾಂಸ ಬೇಯಿಸುತ್ತೀರಾ ಎಂದು ಬಾಡಿಗೆಯವರನ್ನು ಕೇಳುವ ಓನರುಗಳನ್ನು ನೋಡಿದ್ದೆವು, ನಾವು ಬೇಯಿಸುತ್ತೇವೆ, ದಯಮಾಡಿ ಸಹಿಸಿಕೊಳ್ಳಿ ಎಂದು ಕೇಳಿಕೊಂಡವರು ಇವರೊಬ್ಬರೇ. ಕೂಡಲೇ ಒಪ್ಪಿಕೊಂಡೆವು.

ಅಂಗಳದಲ್ಲಿ ಹೊನ್ನಮ್ಮನ ಕೋಳಿಗಳು. ಅವುಗಳ ಯಜಮಾನ ಒಂದು ಕೆಂಪು ಹುಂಜ. ಅದಕ್ಕೆ ನಾನು ಸೂಪರ್‌ವೈಸರ್ ಎಂದು ಹೆಸರಿಟ್ಟಿದ್ದೆ; ಏಕೆಂದರೆ ಬೆಳಗ್ಗೆ ಮೆಟ್ಟಿಲ ಬುಡದಲ್ಲಿ ಕಾದಿದ್ದು, ನಾನು ಬಸ್ ಸ್ಟಾಪಿಗೆ ಹೊರಟರೆ ಗೇಟಿನವರೆಗೂ ಅಟ್ಟಿಸಿಕೊಂಡು ಬರುತ್ತಿತ್ತು. ಅದರ ದಯೆಯಿಂದ ನಾನು ಒಂದು ದಿನವೂ ಕೆಲಸಕ್ಕೆ ತಡವಾಗಿ ಹೋದವಳಲ್ಲ. ವಯಸ್ಸಿನಲ್ಲಿ ನಾಗಸಂದ್ರದ ಅರ್ಧ ಕಾರ್ಖಾನೆಗಳಿಗಿಂತ ಅದು ಹಿರಿಯ.

ಹೀಗಿರುವಾಗ ಒಂದು ಸಂಜೆ ಬೈಲಪ್ಪನವರು ಲಾರಿ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕೂತುಬಿಟ್ಟರು. ಒಬ್ಬ ಡ್ರೈವರು ಅವರನ್ನು ಸಿಮೆಂಟು ಲಾರಿಯಲ್ಲೇ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದ. ಬದುಕಿ ಬಂದರು. ಆದರೆ ಡಾಕ್ಟರು ಕರಾರು ಹಾಕಿ ಕಳಿಸಿದ್ದರು: ಕುರಿ ಇಲ್ಲ, ಹಂದಿ ಇಲ್ಲ, ಕರಿದದ್ದು ಇಲ್ಲ, ಕಾಯಿ ಅರೆದು ಹಾಕಿದ ಸಾರು ಇಲ್ಲ. ಮಾಂಸ ಬೇಕೇ ಬೇಕೆಂದರೆ ಚರ್ಮ ತೆಗೆದ ಕೋಳಿ, ಕೆಂಡದ ಮೇಲೆ ಸುಟ್ಟದ್ದು, ಜೊತೆಗೆ ಹಸಿ ತರಕಾರಿ. ಇನ್ನೊಂದು ಸಲ ಹೀಗಾದರೆ ನನ್ನ ಕೈಯಲ್ಲಿಲ್ಲ ಎಂದೂ ಹೇಳಿದ್ದರಂತೆ. ಆ ಕಡೆಯ ಮಾತನ್ನು ಡಾಕ್ಟರು ಹೇಳಿದ್ದು ಬೈಲಪ್ಪನವರಿಗೆ, ಕೇಳಿಸಿಕೊಂಡದ್ದು ಹೊನ್ನಮ್ಮ.

ಬೈಲಪ್ಪನವರು ಅನ್ನ ಬಿಟ್ಟರು. ಹೊನ್ನಮ್ಮ ಗಂಜಿ ಕೊಟ್ಟರೆ ಮುಟ್ಟುತ್ತಿರಲಿಲ್ಲ, ಬೇಯಿಸಿದ ತರಕಾರಿ ಕೊಟ್ಟರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಹೊನ್ನಮ್ಮ ಅತ್ತರು, ಬೈದರು. ಹಾಗೆ ಬೈಯುತ್ತಿದ್ದ ಒಂದು ಮಧ್ಯಾಹ್ನ, ಬೆಳಗ್ಗೆಯಿಂದ ಉಪವಾಸವಿದ್ದ ಬೈಲಪ್ಪನವರು ದೊಡ್ಡದೊಂದು ತೇಗು ತೇಗಿದರು. ಉಪವಾಸದ ತೇಗಿಗೆ ಈರುಳ್ಳಿ ವಾಸನೆ ಎಲ್ಲಿಂದ ಬರಬೇಕು? ಲಾರಿ ನೋಡಿಕೊಂಡು ಬರುತ್ತೇನೆಂದು ಹೊರಟವರು ದಿನಾ ರಸ್ತೆ ದಾಟಿ ಎದುರುಗಡೆಯ ಮಿಲಿಟರಿ ಹೋಟೆಲಿಗೆ ಹೋಗಿ ಕುರಿಯ ಫ್ರೈ ತಿಂದು ಬರುತ್ತಿದ್ದರು.

ಅವತ್ತೇ ಸಾಯಂಕಾಲ ಹೊನ್ನಮ್ಮ ಮೆಟ್ಟಿಲು ಹತ್ತಿ ಬಂದರು. ಅಲ್ಲಿಯವರೆಗೆ ಅವರು ಮೇಲೆ ಬಂದದ್ದು ನೀರಿನ ಟ್ಯಾಂಕು ನೋಡಲು ಮಾತ್ರ. ಹೊಸಿಲ ಮೇಲೆ ಕೂತರು.

“ಇಂಜಿನಿಯರಮ್ಮ, ನಂಗೆ ಅದೇನೋ ಸುಟ್ಟ ಕೋಳಿ ಮಾಡದ ಯೋಳ್ಕೊಡವ್ವ. ಡಾಕ್ಟ್ರು ಯೋಳಿದ್ದು. ನಂಗ್ ಬರಾಕಿಲ್ಲ.”

“ಅಮ್ಮಾ, ನಂಗ ಕೇಳ್ತೀರಲ್ರೀ? ನಾ ಕೋಳಿ ನೋಡಿದ್ದೇ ಬೆನ್ನು ಹತ್ತಿ ಬಂದಾಗ.”

“ನಿಂಗ್ ಗೊತ್ತಿಲ್ಲ ಅಂತ್ಲೇ ಕೇಳ್ತಿರೋದು. ನಂಗೆ ಸ್ಯಾನೆ ಗೊತ್ತು ಕಣವ್ವ, ಅದೇ ಕಷ್ಟ. ಕೋಳಿ ಮುಂದೆ ಕುಂತ್ರೆ ಈ ಕೈ ತಾನೇ ಖಾರದ್ ಡಬ್ಬಕ್ಕೆ ಓಯ್ತದೆ. ಎಣ್ಣೆ ತಾನೇ ಬಗ್ತದೆ. ನೀನು ಬರ್ದಿದ್ದ್ ಬರ್ದಂಗೇ ಮಾಡಿಸೋಳು. ಪಕ್ಕದಾಗ್ ನಿಂತ್ಕೊ, ಸಾಕು.” ಆಮೇಲೆ ಸೆರಗಿನ ತುದಿ ನೋಡುತ್ತ ಮೆಲ್ಲಗೆ ಅಂದರು, “ಮನೆ ಊಟ ತಿನ್ನಂಗೆ ಮಾಡ್ದಿದ್ರೆ ಆ ವಯ್ಯ ರಸ್ತೆ ದಾಟ್ಕೊಂಡು ಓಗಿ ಓಗೀ ಒಂದಿನ ಓಗೇ ಬುಡ್ತಾನೆ.”

ನನ್ನ ಬದುಕಿನಲ್ಲಿ ಯಾರೂ ನನ್ನ ಅಡುಗೆಯನ್ನು ನಂಬಿದ್ದಿಲ್ಲ. ನನ್ನ ಓದನ್ನು ನಂಬಿದವರು ಇವರೊಬ್ಬರು. ಒಪ್ಪಿಕೊಂಡೆ.

ವಿಧಾನ ಸಿಕ್ಕಿದ್ದು ನಮ್ಮ ಆಫೀಸಿನ ರಿಸೆಪ್ಷನ್‌ನಲ್ಲಿ ಬಿದ್ದಿದ್ದ ಒಂದು ಇಂಗ್ಲಿಷ್ ಮಹಿಳಾ ಪತ್ರಿಕೆಯಲ್ಲಿ. ಹೃದಯಕ್ಕೆ ಹಿತವಾದ ಸುಟ್ಟ ಕೋಳಿಯ ಸಲಾಡ್. ಪಕ್ಕದಲ್ಲಿ ಬಣ್ಣದ ಚಿತ್ರ, ಕೋಳಿಯ ಮೇಲೆ ಸ್ಕೇಲು ಇಟ್ಟು ಎಳೆದಂಥ ಕಪ್ಪು ಗೆರೆಗಳು. ಗೆರೆಗಳ ನಡುವಿನ ಅಂತರ ಒಂದೇ ಸಮ ಇತ್ತು. ನೋಡಿದೊಡನೆ ಮನಸ್ಸು ಸೋತಿತು. ಹಾಳೆ ತಂದು ಹೊನ್ನಮ್ಮನ ಮುಂದೆ ಕೂತು ಕನ್ನಡ ಮಾಡುತ್ತ ಓದಿದೆ.

“ನಿಂಬೆರಸ ಹಚ್ಚಬೇಕಂತ.”

“ಅರಿಶಿನ?”

“ಇಲ್ರೀ.”

“ಶುಂಠಿ?”

“ಇಲ್ಲ. ಬೆಳ್ಳುಳ್ಳಿ ಐತಿ. ಒಂದು ಎಸಳು.”

ಹೊನ್ನಮ್ಮ ನನ್ನ ಮುಖ ನೋಡಿದರು. “ಒಂದೆಸಳಾ? ಅದು ಕೋಳಿಗ್ ಆಕಾಕಾ, ಕೋಳಿಗ್ ದೃಷ್ಟಿ ತೆಗಿಯಾಕಾ?”

“ಎಣ್ಣಿ ಒಂದು ಟೀ ಚಮಚ.”

“ದೀಪಕ್ಕೂ ಸಾಲ್ದಲ್ಲವ್ವ.”

“ಆಮೇಲೆ ಸುಟ್ಟು, ಹತ್ತು ನಿಮಿಷ ವಿಶ್ರಾಂತಿಗೆ ಬಿಡಬೇಕಂತ.”

“ಯಾರು, ನಾವಾ?”

“ಅಲ್ರೀ, ಕೋಳಿನ.”

“ಸತ್ತೂ ಆಯ್ತು, ಸುಟ್ಟೂ ಆಯ್ತು, ಇನ್ಯಾವ ಇಸ್ರಾಂತಿ ತಾಯಿ ಅದ್ಕೆ?”

ಹಾಗೆ ಬರೆದಿದೆ, ಹಾಗೇ ಮಾಡಬೇಕು ಎಂದೆ. ಅವರು ಕೈಮುಗಿದರು, ನನಗೋ ಕೋಳಿಗೋ ತಿಳಿಯಲಿಲ್ಲ.

ಎಣ್ಣೆ ಎಂದರೆ ಆಲಿವ್ ಎಣ್ಣೆ. ಆಗ ನಾಗಸಂದ್ರದಲ್ಲಿ ಅದು ಸಿಗುತ್ತಿದ್ದದ್ದು ಮೆಡಿಕಲ್ ಶಾಪಿನಲ್ಲಿ ಮಾತ್ರ, ಎಳೆಮಕ್ಕಳ ಮೈಗೆ ತಿಕ್ಕುವ ಪುಟ್ಟ ಡಬ್ಬಿಯಲ್ಲಿ.

“ಮಗು ಎಷ್ಟ್ ತಿಂಗಳದು ಮೇಡಂ?” ಎಂದ ಅಂಗಡಿಯವನು.

“ಅರವತ್ತು ದಾಟೈತಿ,” ಎಂದೆ. ಅಂದಿನಿಂದ ನಾನು ಆ ಅಂಗಡಿ ಮುಂದೆ ಹೋದರೆ ಅವನು ಎದ್ದು ನಿಲ್ಲುತ್ತಿದ್ದ, ಗೌರವಕ್ಕೋ ಭಯಕ್ಕೋ.

ಇನ್ನು ಲೆಟಿಸ್ ಸೊಪ್ಪು. ಎಲೆಕೋಸು ಹಾಕಿದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಹಾಳೆಯಲ್ಲಿ ಲೆಟಿಸ್ ಎಂದಿದ್ದರೆ ಲೆಟಿಸ್ಸೇ. ಶಿವಾಜಿನಗರದ ಮಾರ್ಕೆಟ್ಟಿಗೆ ಎರಡು ಬಸ್ಸು ಬದಲಾಯಿಸಿ ಹೋಗಿ ಒಂದು ಗಡ್ಡೆ ತಂದೆ. ದಾರಿಯುದ್ದಕ್ಕೂ ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡಿದ್ದರೂ ಯಶವಂತಪುರ ದಾಟುವಷ್ಟರಲ್ಲಿ ಅದು ಕತ್ತು ಚೆಲ್ಲಿತು. ಹೊನ್ನಮ್ಮ ಅದನ್ನು ಎತ್ತಿ ತಿರುಗಿಸಿ ನೋಡಿ, “ಪಾಪ, ಎಂದಾದ್ರೂ ಎಲೆಕೋಸಾಗೋದೇನೋ, ಮುಂಚೇನೇ ಕಿತ್ತವ್ರೆ,” ಎಂದರು.

ಸುಡುವ ಜಾಲರಿ ನಾನೇ ಕೊಟ್ಟೆ. ನಾನು ಬದನೆಕಾಯಿ ಸುಡುತ್ತಿದ್ದ ಜಾಲರಿ, ಮದುವೆಯಲ್ಲಿ ಅತ್ತೆ ಕೊಟ್ಟದ್ದು. ಅದು ಮೆಟ್ಟಿಲು ಇಳಿದು ಹೋದದ್ದು ಮತ್ತೆ ಹತ್ತಿ ಬರಲಿಲ್ಲ. ಕೆಳಗಿನ ಮನೆಯ ಕುಲಕ್ಕೇ ಸೇರಿಹೋಯಿತು.

ಉಳಿದದ್ದು ಕೋಳಿ. ಇಲ್ಲಿಯೇ, ನೋಡಿ, ನಾವು ಎಡವಿದ್ದು. ಕಾರ್ಖಾನೆಯಲ್ಲಿ ನನ್ನ ಮೊದಲ ಕೆಲಸವೇ ಬಂದ ಕಬ್ಬಿಣ ಯಾವ ಜಾತಿಯದೆಂದು ನೋಡುವುದು. ಮೆದುವೋ ಗಟ್ಟಿಯೋ ತಿಳಿಯದೆ ಮಷೀನಿಗೆ ಕೊಡುವ ಮಾತೇ ಇಲ್ಲ. ಕೋಳಿಯಲ್ಲೂ ಜಾತಿಗಳಿವೆ ಎಂದು ನನಗೆ ಯಾರು ಹೇಳಿದ್ದರು? ಜನ್ಮದಲ್ಲಿ ತಿನ್ನದವಳಿಗೆ ಕೋಳಿ ಎಂದರೆ ಕೋಳಿ. ಪತ್ರಿಕೆಯವರು ಬರೆದದ್ದು ಪಂಜರದಲ್ಲಿ ಬೆಳೆದ ಎಳೆಯ ಫಾರಂ ಕೋಳಿಯ ಲೆಕ್ಕ. ಹೊನ್ನಮ್ಮನ ಮನೆಯಲ್ಲಿ ಫಾರಂ ಕೋಳಿಯ ಹೆಸರನ್ನು ಹಿರಿಯರ ಎದುರು ಆಡುತ್ತಿರಲಿಲ್ಲ. ಅದನ್ನು ಕೊಂಡವರಿಗೆ ಹೆಣ್ಣು ಕೊಡುವುದಕ್ಕೂ ಹಿಂದೆಮುಂದೆ ನೋಡುವ ಜನ. ಗಂಡನ ಜೀವದ ಪ್ರಶ್ನೆ ಎಂದಮೇಲೆ ಹೊನ್ನಮ್ಮ ತಮ್ಮ ಬಳಿ ಇದ್ದದ್ದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು, ಎಲ್ಲಕ್ಕಿಂತ ಘನವಾದದ್ದನ್ನು ಆರಿಸಿದರು. ಸೂಪರ್‌ವೈಸರ್!

ನನಗೆ ದುಃಖವಾಯಿತು ಎಂದು ಬರೆಯಬಹುದಿತ್ತು. ಆಗಲಿಲ್ಲ.

ಭಾನುವಾರ ಬೆಳಗ್ಗೆ ಹಿತ್ತಲಲ್ಲಿ ಇದ್ದಿಲು ಒಲೆ ಹೂಡಿದೆವು. ಮಾಂಸದ ಅಂಗಡಿಯವರು ಹುಂಜವನ್ನು ಹಾಳೆಯಲ್ಲಿದ್ದಂತೆ ಚರ್ಮ ತೆಗೆದು, ಮೂಳೆ ಬಿಡಿಸಿ ಕೊಟ್ಟಿದ್ದರು. ನಾನು ಗಾಳಿ ಬೀಸುವ ದಿಕ್ಕು ನೋಡಿ ದೂರದಲ್ಲಿ, ಮೂಗಿಗೆ ಸೆರಗು, ಕೈಯಲ್ಲಿ ಹಾಳೆ, ಇನ್ನೊಂದು ಕೈಯಲ್ಲಿ ಗಡಿಯಾರ ಹಿಡಿದು ನಿಂತೆ. ಕೊರಳಲ್ಲಿದ್ದ ಲಿಂಗವನ್ನು ಸೆರಗಿನ ಇನ್ನೊಂದು ಮಡಿಕೆಯೊಳಗೆ ಸೇರಿಸಿದೆ. ಶಿವನಿಗೆ ಕಾಣದ್ದೇನೂ ಅಲ್ಲ. ಆದರೂ ನಮ್ಮ ಕಡೆಯಿಂದ ಒಂದು ಮರ್ಯಾದೆ.

ಹೊನ್ನಮ್ಮನ ಎಡಗೈ ತಾನೇ ಹಿಂದಕ್ಕೆ ಹರಿದಾಡಿತು.

“ಅಮ್ಮಾ, ಕೈ!”

“ಸುಮ್ಕೆ ನೋಡ್ದೆ ಕಣವ್ವ.”

“ಖಾರದ ಡಬ್ಬಿ ಹಿತ್ತಲಕ್ಕ ಯಾಕ ಬಂತ್ರೀ?”

“ಅದು ಅಭ್ಯಾಸ ಬಲದಾಗೆ ಬಂದ್ಬುಟ್ಟೈತೆ.” ಡಬ್ಬಿಯನ್ನು ನಾನೇ ತೆಗೆದು ಕಿಟಕಿಯ ಮೇಲಿಟ್ಟೆ.

ನಿಂಬೆ, ಮೆಣಸು, ಎಣ್ಣೆ, ಆ ಪ್ರಸಿದ್ಧ ಎಸಳು, ಎಲ್ಲ ಆಯಿತು. ಆಮೇಲೆ ಬಂತು ಆ ಸಾಲು. ಉಪ್ಪು: ರುಚಿಗೆ ತಕ್ಕಷ್ಟು.

ಇಂಗ್ಲಿಷಿನವರೂ! ಚಿತ್ರದಲ್ಲಿ ಅಷ್ಟು ಅಂದವಾಗಿ ಗೆರೆ ಎಳೆದವರೂ! ಅಜ್ಜಿ ಎಲ್ಲೋ ಕೂತು ನಕ್ಕಂತಾಯಿತು.

“ಉಪ್ಪು ಎಷ್ಟಂತ ಬರದಿಲ್ರೀ. ಒಂಚೂರು ಸುಟ್ಟು ನೀವೇ ರುಚಿ ನೋಡಿ ಹೇಳ್ರಿ,” ಎಂದೆ.

“ನಾನು ತಿನ್ನಾಕಿಲ್ಲ.”

“ಯಾಕ?”

ಹೊನ್ನಮ್ಮ ಕೆಂಡಕ್ಕೆ ಗಾಳಿ ಹಾಕಿದರು. “ಆಸ್ಪತ್ರೇಲಿ ಅವ್ರು ಬಿದ್ದಿದ್ದಾಗ ಮಾರಮ್ಮಂಗೆ ಯೋಳ್ಕಂಡಿವ್ನಿ. ಅವ್ರು ಗುಣ ಆಗೋಗಂಟ ಬಾಡು ಬಾಯ್ಗಾಕಲ್ಲ ಅಂತ. ಅವ್ರ್ ಮುಂದೆ ಅನ್ಬ್ಯಾಡ. ಎಲ್ರಿಗೂ ಯೋಳ್ಕೊಂಡ್ ಮಾಡೋದಾ ಇದು?”

ನಾನು ಹಾಳೆ ಮಡಿಸಿದೆ. ಬಾಡೆಂದರೆ ಪ್ರಾಣ ಬಿಡುವ ಹೆಂಗಸು, ಭಾನುವಾರದ ವಾಸನೆ ಬೀದಿಗೆಲ್ಲ ಹಂಚುತ್ತಿದ್ದ ಹೆಂಗಸು, ಯಾರಿಗೂ ಹೇಳದೆ ಸೊಪ್ಪಿನ ಸಾರಿನಲ್ಲಿ ಮುದ್ದೆ ನುಂಗುತ್ತಿದ್ದರು. ಯಾರಿಗಾಗಿ ಬಿಟ್ಟರೋ ಆ ಮನುಷ್ಯ ರಸ್ತೆಯಾಚೆ ಕೂತು ಫ್ರೈ ತಿನ್ನುತ್ತಿದ್ದರು. ಇರಲಿ, ಒಲೆ ಉರಿಯುತ್ತಿತ್ತು. ಕೋಳಿ ಬೇಯಿಸಲು ನಿಂತವರಲ್ಲಿ ಒಬ್ಬಳು ಹುಟ್ಟಿನಿಂದ ತಿನ್ನುವುದಿಲ್ಲ, ಇನ್ನೊಬ್ಬಳು ಹರಕೆಯಿಂದ ತಿನ್ನುವುದಿಲ್ಲ. ರುಚಿ ನೋಡಲು ಬೀದಿಯಿಂದ ಯಾರನ್ನಾದರೂ ಕರೆಯೋಣವೆಂದರೆ ಸುದ್ದಿ ಸ್ಟ್ಯಾಂಡಿಗೆ ಮುಟ್ಟುತ್ತದೆ. ಕೊನೆಗೆ ಹೊನ್ನಮ್ಮ ಕಣ್ಣು ಮುಚ್ಚಿ ಮಾರಮ್ಮನನ್ನು ನೆನೆದು ಒಂದು ಚಿಟಿಕೆ ಹಾಕಿದರು. ಚಿಟಿಕೆ ಎಂದರೆ ಎಷ್ಟೆಂದು ಅಂದು ನಾನು ಕೇಳಲಿಲ್ಲ.

ಉಳಿದದ್ದೆಲ್ಲ ಹಾಳೆಯ ಪ್ರಕಾರ. ಒಂದು ಮಗ್ಗುಲಿಗೆ ಏಳು ನಿಮಿಷ, ಇನ್ನೊಂದು ಮಗ್ಗುಲಿಗೆ ಏಳು. ಇನ್ನಷ್ಟು ಹೊತ್ತು ಬೇಕೇನೋ ಎಂದು ಹೊನ್ನಮ್ಮ ಒಂದು ಸಲ ಅಂದರು, ಕೂಡಲೇ ತಾವೇ, “ಇರ್ಲಿ, ಇಂಗ್ಲೀಸ್ನೋರ್ ಒಲೇನೇ ಬೇರೆ ಏನೋ,” ಎಂದು ಸುಮ್ಮನಾದರು. ನಾನಂತೂ ಕಪ್ಪು ಗೆರೆ ಮೂಡಿದ್ದು ನೋಡಿ ಮೈಮರೆತಿದ್ದೆ. ಸೂಪರ್‌ವೈಸರಿಗೆ ಹತ್ತು ನಿಮಿಷ ವಿಶ್ರಾಂತಿ ಕೊಟ್ಟು, ಹೋಳು ಮಾಡಿ, ಲೆಟಿಸ್, ಸೌತೆಕಾಯಿ, ಟೊಮ್ಯಾಟೊ ಜೋಡಿಸಿದೆವು. ತಟ್ಟೆ ಥೇಟ್ ಪತ್ರಿಕೆಯ ಚಿತ್ರವೇ. ನಾನು ಸರ್ಟಿಫಿಕೇಟ್ ಕೊಡಲು ತಯಾರಿದ್ದೆ.

ಬೈಲಪ್ಪನವರು ಜಗಲಿಯ ಮೇಲೆ ಕೂತಿದ್ದರು. ತಟ್ಟೆ ನೋಡಿದರು. “ಇದೇನಿದು, ಮೇವಿನ್ ಮೇಲೆ ಕೋಳಿ ಕುಂದ್ರಿಸಿದ್ದೀರ?” ಎಂದರು. ಆದರೂ ಸುಟ್ಟ ವಾಸನೆಗೆ ಮನಸ್ಸು ಕರಗಿರಬೇಕು, ಒಂದು ಹೋಳು ಬಾಯಿಗಿಟ್ಟರು.

ಅಗಿದರು. ಅಗಿದರು. ನಾವು ನೋಡುತ್ತಿದ್ದೆವು. ಎಡದವಡೆಯಿಂದ ಬಲದವಡೆಗೆ ದಾಟಿಸಿದರು. ಕಣ್ಣಲ್ಲಿ ನೀರು ಬಂತು. ಬೀದಿಯಲ್ಲಿ ಒಂದು ಲಾರಿ ಹಿಂದೆಮುಂದೆ ಮಾಡಿ ತಿರುಗಿಸಿಕೊಂಡು ಹೋಯಿತು. ಅದು ಹೋದಮೇಲೂ ಅಗಿಯುತ್ತಲೇ ಇದ್ದರು. ಕೊನೆಗೆ ಬಾಯಿಂದ ತೆಗೆದು ಬೆಳಕಿಗೆ ಹಿಡಿದರು. ಹೋಳು ಇದ್ದಂತೆಯೇ ಇತ್ತು. ಬೇಕಿದ್ದರೆ ಅದಕ್ಕೆ ಗೇಜು ಹಾಕಿ ನೋಡಬಹುದಿತ್ತು.

“ಇದು ಕೋಳೀನಾ, ಎಕ್ಕಡಾನಾ?”

“ಡಾಕ್ಟ್ರು ಯೋಳಿದ್ದು, ಸುಮ್ಕೆ ತಿನ್ನು,” ಎಂದರು ಹೊನ್ನಮ್ಮ.

“ನೀ ತಿಂದ್ ನೋಡು! ಇಂಜಿನಿಯರಮ್ಮ ತಿನ್ನಾಕಿಲ್ಲ, ಸರಿ. ನಿಂಗೇನಾಗೈತೆ? ಮಾಡ್ದೋಳೇ ತಿನ್ನಕಾಗದ್ನ ನಂಗಾಕ್ತೀಯ? ಇದ್ಕಿಂತ ಆ ಓಟ್ಲೇ ವಾಸಿ. ಓಯ್ತೀನಿ ನಾನು.” ಟವೆಲ್ ಕೊಡವಿ ಎದ್ದೇಬಿಟ್ಟರು.

ಹೊನ್ನಮ್ಮ ದಾರಿಗಡ್ಡವಾಗಿ ನಿಂತರು.

“ಓಗು. ಓಗ್ ಮೂದೇವಿ! ಲಾರಿಯಾಗ್ ಆಕ್ಕೊಂಡು ಓದ್ರಲ್ಲ ನಿನ್ನ, ಅವತ್ನಿಂದ ನಾನು ಒಂದ್ ಚೂರ್ ಬಾಡು ಬಾಯ್ಗಾಕಿಲ್ಲ. ಮಾರಮ್ಮನ ಮುಂದೆ ಕೈ ಮುಗ್ದು ಬಂದಿವ್ನಿ. ನೀನ್ ಗುಣ ಆಗೋಗಂಟ ತಿನ್ನಲ್ಲ ಅಂತ. ನೀನು ಅಲ್ಲಿ ಕುಂತು ನನ್ ತಾಳಿ ಮೇಲೆ ಈರುಳ್ಳಿ ಉದುರ್ಸ್ಕೊಂಡ್ ತಿನ್ನು, ಓಗು!”

ಹೊಸದಾಗಿ ಯಜಮಾನನಿಲ್ಲದ ಕೋಳಿಗಳು ಮೆಟ್ಟಿಲ ಬುಡದಲ್ಲಿ ಕಾಳು ಕೆದಕುತ್ತಿದ್ದವು. ನಾನು ಹಾಳೆಯಲ್ಲಿ ಮುಂದೇನು ಬರೆದಿದೆ ಎಂದು ನೋಡಿದೆ. ಇದಕ್ಕೆ ಏನೂ ಬರೆದಿರಲಿಲ್ಲ.

“ಒಂದ್ ಚೂರೂ ತಿಂದಿಲ್ವಾ?” ಬೈಲಪ್ಪನವರ ದನಿ ಇಳಿದಿತ್ತು.

“ಇಲ್ಲ.”

“ಅಬ್ಬಕ್ಕೂ?”

“ಅಬ್ಬಕ್ಕೂ ಇಲ್ಲ.”

ಅವರು ಮತ್ತೆ ಕೂತರು. ತಟ್ಟೆ ಎಳೆದುಕೊಂಡರು. ಅದೇ ಹೋಳನ್ನು ಮತ್ತೆ ಬಾಯಿಗಿಟ್ಟರು. ಅದು ಮುಗಿದ ಮೇಲೆ, ಅಥವಾ ಮುಗಿಯಿತೆಂದು ತಾವೇ ತೀರ್ಮಾನಿಸಿದ ಮೇಲೆ, ಇನ್ನೊಂದು. ಕತ್ತಿನ ನರಗಳೆಲ್ಲ ಎದ್ದು ಕಾಣುತ್ತಿದ್ದವು. “ಸಾಕ್ ಬುಡು, ಅಲ್ಲು ಉದುರ್ತಾವೆ,” ಎಂದು ಹೊನ್ನಮ್ಮ ಅಂದರೂ ಕೇಳಲಿಲ್ಲ. ಲೆಟಿಸ್ಸನ್ನೂ ತಿಂದರು. ಲೋಟದ ತುಂಬ ನೀರು ಕುಡಿದು ಟವೆಲಿನಲ್ಲಿ ಮುಖ ಒರೆಸಿಕೊಂಡು, ನನ್ನ ಕಡೆಗಾಗಲಿ ಹೆಂಡತಿಯ ಕಡೆಗಾಗಲಿ ನೋಡದೆ, ರಸ್ತೆಗೆ ಹೇಳುವವರಂತೆ ಹೇಳಿದರು: “ಮುಂದಿನ್ ವಾರ ಫಾರಂ ಕೋಳಿ ತರ್ತೀನಿ.”

ಹೊನ್ನಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. ಆ ಮನೆಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

ತಂದರು. ಟವೆಲ್ಲನ್ನು ತಲೆಗೆ ಮುಸುಕು ಹಾಕಿಕೊಂಡು, ಸಾರಾಯಿ ಅಂಗಡಿಗೆ ಹೋಗುವವರಂತೆ ಹಿಂದಿನ ಬೀದಿಯಿಂದ ಹೋಗಿ ತಂದರು. ಆಮೇಲಿನ ಭಾನುವಾರಗಳೆಲ್ಲ ಅದೇ. ನಾನು ಗಡಿಯಾರ ಹಿಡಿದು ನಿಲ್ಲುವುದು, ಹೊನ್ನಮ್ಮ ಸುಡುವುದು. ಎಳೆಯ ಕೋಳಿ ಏಳು ನಿಮಿಷಕ್ಕೇ ಬೆಣ್ಣೆಯಂತಾಗುತ್ತಿತ್ತಂತೆ. “ಬಾಯಾಗ್ ಅಲ್ಲಿಲ್ದೋರ್ ತಿನ್ನೋ ಬಾಡು,” ಎಂದು ಬೈಲಪ್ಪನವರು ಅದಕ್ಕೂ ಬೈದರು, ಬೈದುಕೊಂಡೇ ತಿಂದರು. ಎದುರುಗಡೆಯ ಹೋಟೆಲಿನವರು ಒಂದು ದಿನ ಸೌಖ್ಯ ವಿಚಾರಿಸಲು ಬಂದು, ಅಂಗಳದಲ್ಲಿ ಸೊಪ್ಪು ಮೇಯುತ್ತಿದ್ದ ತಮ್ಮ ಹಳೆಯ ಗಿರಾಕಿಯನ್ನು ನೋಡಿ ಬಂದ ದಾರಿಯಲ್ಲೇ ಹಿಂದಿರುಗಿದರು. ನನ್ನ ಗಂಡ ಒಂದು ಭಾನುವಾರ ಎಚ್ಚರವಿದ್ದವರು, “ನಿನ್ನ ಸೀರಿ ಯಾಕ ಹೊಗಿ ನಾರ್ತತಿ?” ಎಂದು ಕೇಳಿದರು. ಗುಣಮಟ್ಟ ಪರಿಶೀಲನೆಗೆ ಹೋಗಿದ್ದೆ ಎಂದೆ. ಸುಳ್ಳೇನಲ್ಲ.

ಡಾಕ್ಟರು ಬೈಲಪ್ಪನವರ ಎದೆಗೆ ಕೊಳವೆಯಿಟ್ಟು ಕೇಳಿ, ಪರವಾಗಿಲ್ಲ, ಗುಣವಾಗಿದೆ, ಆದರೆ ಪಥ್ಯ ಹೀಗೇ ಮುಂದುವರಿಯಲಿ ಎಂದ ವಾರ, ಹೊನ್ನಮ್ಮ ಮಾರಮ್ಮನಿಗೆ ಹರಕೆ ಒಪ್ಪಿಸಿ ಬಂದರು. ಆ ಭಾನುವಾರ ಕೆಳಗಿನ ಮನೆಯಿಂದ ಕಾಯಿ, ಧನಿಯಾ, ಹುರಿದ ಚಕ್ಕೆ ಲವಂಗದ ವಾಸನೆ ಎದ್ದು ಮೇಲಕ್ಕೆ ಬಂತು. ಅಷ್ಟು ದಿನ ಅದು ಇಲ್ಲದ್ದು ನನಗೂ ಏನೋ ಬಿಕೋ ಎನ್ನುತ್ತಿತ್ತೆಂದು ಆಗಲೇ ತಿಳಿದದ್ದು. ಕಾಫಿ ಲೋಟ ಹಿಡಿದುಕೊಂಡು ಇಳಿದು ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತೆ.

ಗಂಡ ಹೆಂಡತಿ ಜಗಲಿಯ ಮೇಲೆ ಎದುರುಬದುರು ಕೂತಿದ್ದರು. ಬೈಲಪ್ಪನವರ ತಟ್ಟೆಯಲ್ಲಿ ಸುಟ್ಟ ಫಾರಂ ಕೋಳಿ, ಸೌತೆಕಾಯಿ, ಲೆಟಿಸ್. ಹೊನ್ನಮ್ಮನ ತಟ್ಟೆಯಲ್ಲಿ ಮುದ್ದೆ, ನಾಟಿ ಕೋಳಿ ಸಾರು. ನಡುವೆ ಸಾರಿನ ಪಾತ್ರೆ. ಹೊನ್ನಮ್ಮ ಮೊದಲ ತುತ್ತು ನುಂಗಿ ಸ್ವಲ್ಪ ಹೊತ್ತು ಕಣ್ಣು ತೆರೆಯಲಿಲ್ಲ. ಬೈಲಪ್ಪನವರು ತಮ್ಮ ತಟ್ಟೆ ಬಿಟ್ಟು ಹೆಂಡತಿಯ ಬಾಯನ್ನೇ ನೋಡುತ್ತಿದ್ದರು. ಹೆಂಡತಿಯ ತಟ್ಟೆ ಬರಿದಾದಾಗ ತಾವೇ ಸೌಟು ಹಿಡಿದು, ಪಾತ್ರೆಯ ತಳ ಕೆದಕಿ, ಒಳ್ಳೆಯ ತುಂಡೊಂದನ್ನು ಹುಡುಕಿ ಬಡಿಸಿದರು. ಬಡಿಸುವಾಗ ಹೆಬ್ಬೆರಳಿಗೆ ಸಾರು ಮೆತ್ತಿತು.

ಬೆರಳನ್ನು ನೋಡಿಕೊಂಡರು. ಹೊನ್ನಮ್ಮನ ಕೈ ತಟ್ಟೆಯ ಮೇಲೇ ನಿಂತಿತು. ನನ್ನ ಕಾಫಿ ಲೋಟವೂ ತುಟಿಯ ಹತ್ತಿರ ನಿಂತಿತು. ಬೆರಳು ನಿಧಾನವಾಗಿ ಮೇಲಕ್ಕೆ ಹೋಯಿತು, ಗದ್ದದವರೆಗೂ ಹೋಯಿತು, ಅಲ್ಲಿ ಒಂದು ಗಳಿಗೆ ತಡೆಯಿತು, ಆಮೇಲೆ ಹೆಗಲಿನ ಕಡೆ ತಿರುಗಿತು. ಟವೆಲಿಗೆ ಒರೆಸಿಕೊಂಡರು.

“ಏನ್ರವ್ವ, ಇಬ್ರೂ ಅಂಗ್ ನೋಡ್ತೀರ?” ಎಂದು ಗದರಿದರು. “ಬಿಳೀ ಟವಲ್ಲು, ಕಲೆ ಓಗಾಕಿಲ್ಲ ಅಂತ್ಲಾ?”

“ಒಗೆಯೋಳು ನಾನೇ ಅಲ್ವಾ, ಬುಡು,” ಎಂದು ಹೊನ್ನಮ್ಮ ತಟ್ಟೆಯನ್ನು ಮುಂದಕ್ಕೆ ಚಾಚಿದರು. “ಇನ್ನೊಂದ್ ತುಂಡು ಆಕು.”